2030ಕ್ಕೆ ನಮ್ಮ ಮಕ್ಕಳಿಗೆ ಎಷ್ಟು ವಯಸ್ಸು?

2025ರ ನವೆಂಬರ್ 26ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸೇರಿದ ಕಾಮನ್‌ವೆಲ್ತ್ ಕ್ರೀಡಾ ಸಂಸ್ಥೆಯ ಮಹಾಸಭೆ 2030ರ ಕ್ರೀಡಾಕೂಟವನ್ನು ಅಹ್ಮದಾಬಾದ್ ನಗರಕ್ಕೆ ಕೊಟ್ಟಿತು. ನೈಜೀರಿಯಾದ ಅಬುಜಾ ಕೂಡ ಇದಕ್ಕಾಗಿ ಪ್ರಯತ್ನಿಸಿತ್ತು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶುರುವಾದ ಈ ಕೂಟಕ್ಕೆ 2030 ನೂರನೇ ವರ್ಷ. 2010ರಲ್ಲಿ ದಿಲ್ಲಿಯಲ್ಲಿ ನಡೆದ ಮೇಲೆ ಭಾರತಕ್ಕೆ ಇದು ಎರಡನೇ ಅವಕಾಶ. 2036ರ ಒಲಿಂಪಿಕ್ಸ್ ಕೂಡ ಬೇಕು ಎಂಬುದು ಕೇಂದ್ರ ಸರಕಾರದ ಆಸೆ. ಅದಕ್ಕೆ ಇದು ಮೆಟ್ಟಿಲು ಎಂದು ಎಲ್ಲರೂ ಹೇಳುತ್ತಿದ್ದಾರೆ.

ಸುದ್ದಿ ಬಂದ ಮೇಲೆ ಮೊಬೈಲಿನಲ್ಲಿ, ಮಸೀದಿಯ ಅಂಗಳದಲ್ಲಿ, ಕ್ಯಾಂಟೀನಿನ ಬೆಂಚಿನಲ್ಲಿ ಕೇಳಿಬಂದ ಮಾತುಗಳನ್ನು ಒಟ್ಟು ಸೇರಿಸಿದರೆ ನಾಲ್ಕು ಬಗೆ. ಒಂದು, ದೇಶಕ್ಕೆ ಹೆಮ್ಮೆ. ಎರಡು, "ಎಲ್ಲವೂ ಅಹ್ಮದಾಬಾದಿಗೇ ಯಾಕೆ ಮಾರಾಯ್ರೆ?" ಎಂಬ ಅಸಮಾಧಾನ. ಮೂರು, ಇಷ್ಟು ದುಡ್ಡು ಸುರಿಯುವ ಬದಲು ಆಸ್ಪತ್ರೆ, ಶಾಲೆ ಮಾಡಬಾರದಾ ಎಂಬ ಪ್ರಶ್ನೆ. ನಾಲ್ಕನೆಯದು ನಮ್ಮ ಮನೆಗಳಲ್ಲಿ ಮಾತ್ರ ಕಾಣುವಂಥದ್ದು. ಅಹ್ಮದಾಬಾದ್ ಎಂಬ ಹೆಸರು ಕೇಳಿದ ಕೂಡಲೇ 2002 ನೆನಪಾಗಿ, ಮಾತು ಮುಂದುವರಿಸದೆ ಚಾನೆಲ್ ಬದಲಿಸುವುದು.

ಈ ನಾಲ್ಕರಲ್ಲಿ ಯಾವುದನ್ನೂ ತಪ್ಪು ಎನ್ನಲು ಸಾಧ್ಯ ಇಲ್ಲ. ಆದರೆ ನಾಲ್ಕೂ ಗ್ಯಾಲರಿಯಲ್ಲಿ ಕೂತವರ ಮಾತು. ಮೈದಾನಕ್ಕೆ ಇಳಿಯುವವರ ಮಾತು ಐದನೆಯದು. ಅದು ನಮ್ಮಲ್ಲಿ ಕೇಳಿಬರಲಿಲ್ಲ. ಈ ಬರಹ ಅದರ ಬಗ್ಗೆ. ಅದಕ್ಕೆ ಮೊದಲು, ಈ ನಾಲ್ಕು ಮಾತುಗಳಿಗೂ ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ.

ಖರ್ಚಿನ ಪ್ರಶ್ನೆಯನ್ನು ದೇಶದ್ರೋಹ ಎಂದು ಬಾಯಿ ಮುಚ್ಚಿಸುವವರಿಗೆ ಎರಡು ಉದಾಹರಣೆ ಕೊಡಬಹುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಕೂಟವನ್ನು ಒಪ್ಪಿಕೊಂಡಿತ್ತು. 260 ಕೋಟಿ ಡಾಲರ್ ಎಂದುಕೊಂಡ ಖರ್ಚು 600 ಕೋಟಿ ಡಾಲರ್ ದಾಟುತ್ತದೆ ಎಂದು ಹೇಳಿ 2023ರ ಜುಲೈಯಲ್ಲಿ ಕೈ ಎತ್ತಿತು. ಕೈ ಎತ್ತಿದ್ದಕ್ಕೆ 38 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಆ ಕೂಟವೇ ಈಗ ಬರೀ 10 ಕ್ರೀಡೆಗಳಿಗೆ ಇಳಿದು 2026ರಲ್ಲಿ ಗ್ಲಾಸ್ಗೋದಲ್ಲಿ ನಡೆಯುವುದು. ಇನ್ನೊಂದು, ಕೆನಡಾದ ಕ್ಯಾಲ್ಗರಿ. 2026ರ ಚಳಿಗಾಲದ ಒಲಿಂಪಿಕ್ಸ್ ಬೇಕೋ ಬೇಡವೋ ಎಂದು 2018ರ ನವೆಂಬರಿನಲ್ಲಿ ಅಲ್ಲಿ ಜನರ ಮತ ಕೇಳಿದರು. ನೂರರಲ್ಲಿ 56 ಮಂದಿ ಬೇಡ ಅಂದರು. ಅಲ್ಲಿಗೆ ವಿಷಯ ಮುಗಿಯಿತು. ನಮ್ಮಲ್ಲಿ ಜನರನ್ನು ಕೇಳುವ ಪದ್ಧತಿ ಇಲ್ಲ. ಕನಿಷ್ಠ ಲೆಕ್ಕ ಕೇಳುವ ಹಕ್ಕಾದರೂ ಇರಬೇಕಲ್ವಾ?

ದಿಲ್ಲಿಯ ಲೆಕ್ಕ ನಮಗೆ ಗೊತ್ತಿದೆ. 2010ರ ಕೂಟಕ್ಕೆ 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತು ಎಂದು ಸಿಎಜಿ ವರದಿ ಹೇಳಿತು. ಉದ್ಘಾಟನೆಗೆ ಕೆಲವೇ ದಿನ ಇರುವಾಗ ನೆಹರೂ ಕ್ರೀಡಾಂಗಣದ ಹತ್ತಿರದ ಕಾಲುಸೇತುವೆ ಕುಸಿದು ಕೂಲಿ ಕಾರ್ಮಿಕರು ಗಾಯಗೊಂಡರು. ಅದಕ್ಕಿಂತ ಹೆಚ್ಚು ಬೇಸರದ ಸಂಗತಿ ಇನ್ನೊಂದಿದೆ. ಪರಿಶಿಷ್ಟ ಜಾತಿಯವರ ಅಭಿವೃದ್ಧಿಗೆ ಎಂದು ತೆಗೆದಿಟ್ಟ ಹಣದಲ್ಲಿ ದಿಲ್ಲಿ ಸರಕಾರ 700 ಕೋಟಿ ರೂಪಾಯಿಯಷ್ಟನ್ನು ಕ್ರೀಡಾಕೂಟದ ಕೆಲಸಗಳಿಗೆ ತಿರುಗಿಸಿದ್ದು ಬಯಲಾಯಿತು. ಅದು ತಪ್ಪು ಎಂದು ಆಗಿನ ಕೇಂದ್ರ ಗೃಹ ಸಚಿವರೇ ಸಂಸತ್ತಿನಲ್ಲಿ ಒಪ್ಪಬೇಕಾಯಿತು. ಹಬ್ಬದ ಖರ್ಚಿಗೆ ಬಡವರ ಡಬ್ಬಿ ಒಡೆದ ಹಾಗೆ. 2022ರ ಕೊನೆಯಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಒಂದರಿಂದ ಎಂಟನೇ ತರಗತಿವರೆಗಿನ ವಿದ್ಯಾರ್ಥಿವೇತನ ನಿಂತದ್ದನ್ನು, ಮೌಲಾನಾ ಆಝಾದ್ ಫೆಲೋಶಿಪ್ ನಿಂತದ್ದನ್ನು ಕಂಡ ಮನೆಗಳು ನಮ್ಮವು. ಅದಕ್ಕೂ ಅಹ್ಮದಾಬಾದಿಗೂ ಸಂಬಂಧ ಇಲ್ಲ, ನಿಜ. ಆದರೆ ಯಾವ ಡಬ್ಬಿಯಿಂದ ಎಷ್ಟು ತೆಗೆಯುತ್ತೀರಿ ಎಂದು ಮೊದಲೇ ಕೇಳಿಡುವುದು ನಾಗರಿಕರ ಕೆಲಸ. ಅದು ವಿರೋಧ ಅಲ್ಲ.

2002ರ ನೆನಪಿನ ವಿಷಯಕ್ಕೂ ಇದೇ ಮಾತು. ಅದನ್ನು ಮರೆತುಬಿಡಿ ಎಂದು ಯಾರಿಗೂ ಹೇಳಲು ಆಗುವುದಿಲ್ಲ, ಹೇಳಲೂಬಾರದು. ಆದರೆ ಅಹ್ಮದಾಬಾದ್ ಎಂದರೆ ಆಡಳಿತ ಮಾಡುವವರು ಮಾತ್ರ ಅಲ್ಲ. ಅಲ್ಲಿ ಲಕ್ಷಗಟ್ಟಲೆ ಮುಸ್ಲಿಮರೂ ಇದ್ದಾರೆ. ಜುಹಾಪುರದ ಹುಡುಗನಿಗೆ 2030ರಲ್ಲಿ ತನ್ನ ಊರಿನ ಕ್ರೀಡಾಂಗಣದಲ್ಲಿ ಓಡುವ ಆಸೆ ಇದ್ದರೆ, ಇಲ್ಲಿ ಕೂತು ಅದನ್ನು ಬೇಡ ಎನ್ನಲು ನಾವು ಯಾರು? ಆ ಕೂಟ ಯಾವ ಪಕ್ಷದ ಸೊತ್ತೂ ಅಲ್ಲ. ಮುಖ ತಿರುಗಿಸಿ ಕೂತರೆ ಅದನ್ನು ನಾವೇ ಅವರ ಸೊತ್ತು ಮಾಡಿದ ಹಾಗೆ.

ಈಗ ನಮ್ಮದೇ ಆದ ಇನ್ನೊಂದು ಅನುಭವಕ್ಕೆ ಬರುತ್ತೇನೆ. ಯಾವುದೋ ಊರಿಗೆ ದೊಡ್ಡ ಕ್ರೀಡಾಕೂಟ ಸಿಕ್ಕಿತು ಎಂಬ ಸುದ್ದಿ ಬ್ಯಾರಿ ಮನೆಗಳಿಗೆ ಹೊಸತಲ್ಲ. 2010ರ ಡಿಸೆಂಬರ್ 2ರಂದು ಫಿಫಾ ವಿಶ್ವಕಪ್ ಖತರಿಗೆ ಸಿಕ್ಕಿತಲ್ಲ, ಆ ರಾತ್ರಿ ಕರಾವಳಿಯ ಎಷ್ಟೋ ಮನೆಗಳಲ್ಲಿ ಎದ್ದ ಮೊದಲ ಪ್ರಶ್ನೆ "ಯಾರು ಗೆಲ್ಲಬಹುದು?" ಎಂಬುದಲ್ಲ, "ವೀಸಾ ಬರಬಹುದಾ?" ಎಂಬುದು. ವೀಸಾ ಬಂತು. ಎಂಟು ಕ್ರೀಡಾಂಗಣ, ಮೆಟ್ರೋ, ಲುಸೈಲ್ ಎಂಬ ಹೊಸ ನಗರವೇ ಎದ್ದು ನಿಂತಿತು. ಮೂಳೂರು, ಉಚ್ಚಿಲ, ಕಾಪು, ಕಾರ್ಕಳದ ಹುಡುಗರು ಡ್ರೈವರ್ ಆಗಿ, ಸ್ಟೋರ್ ಕೀಪರ್ ಆಗಿ, ಸೇಫ್ಟಿಯವರಾಗಿ, ಗ್ರೋಸರಿಯಲ್ಲಿ, ಕೆಫ್ಟೇರಿಯದಲ್ಲಿ ಆ ಹನ್ನೆರಡು ವರ್ಷ ದುಡಿದರು. ಇಲ್ಲಿ ಮನೆಯ ಸ್ಲ್ಯಾಬ್ ಬಿತ್ತು, ತಂಗಿಯ ಮದುವೆ ಆಯಿತು. ಇದು ಸಣ್ಣ ವಿಷಯ ಅಲ್ಲ, ಅಲ್‌ಹಮ್ದುಲಿಲ್ಲಾಹ್.

ಆ ಸಂಭ್ರಮಕ್ಕೆ ಇನ್ನೊಂದು ಮುಖವೂ ಇತ್ತು. ವಿಶ್ವಕಪ್‌ಗೆ ಸಂಬಂಧಿಸಿದ ಕೆಲಸಗಳಲ್ಲಿ 400ರಿಂದ 500 ಕಾರ್ಮಿಕರು ಸತ್ತಿರಬಹುದು ಎಂದು ಸಂಘಟನಾ ಸಮಿತಿಯ ಮುಖ್ಯಸ್ಥರಾಗಿದ್ದ ಹಸನ್ ಅಲ್ ತವಾದಿ 2022ರ ನವೆಂಬರಿನಲ್ಲಿ ಸಂದರ್ಶನವೊಂದರಲ್ಲಿ ಹೇಳಿದರು. ಪ್ರಪಂಚದ ಕಣ್ಣು ಅಲ್ಲಿ ಬಿದ್ದದ್ದರಿಂದ ಕೆಲವು ಒಳ್ಳೆಯದೂ ಆಯಿತು. 2020ರಲ್ಲಿ ಎನ್‌ಒಸಿ ಇಲ್ಲದೆ ಕೆಲಸ ಬದಲಿಸುವ ಅವಕಾಶ ಬಂತು. 2021ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ವೇತನ ಕಡ್ಡಾಯ ಆಯಿತು. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಬಂತು. ಇದರಿಂದ ಕಲಿಯಬೇಕಾದ ಪಾಠ ಸುಲಭ. ಕೂಟ ಬೇಕು, ಆದರೆ ಕಣ್ಣು ಮುಚ್ಚಿ ಅಲ್ಲ. ಪ್ರಶ್ನೆ ಕೇಳಿದವರಿದ್ದರಿಂದಲೇ ಅಲ್ಲಿ ಕಾನೂನು ಬದಲಾಯಿತು. ಅಹ್ಮದಾಬಾದಿನಲ್ಲಿ ಬಿಸಿಲಿಗೆ ಕಲ್ಲು ಹೊರುವ ಬಿಹಾರದವನಿಗೂ ಅದೇ ನ್ಯಾಯ ಬೇಕು.

ಇಲ್ಲಿ ಒಂದು ಕಾಕತಾಳೀಯ ಇದೆ. 2030ರಲ್ಲಿ ಕೂಟ ನಡೆಯುವುದು ಅಹ್ಮದಾಬಾದಿನಲ್ಲಿ ಮಾತ್ರ ಅಲ್ಲ. ಅದೇ ವರ್ಷ ದೋಹಾದಲ್ಲಿ ಏಷ್ಯನ್ ಗೇಮ್ಸ್. 2034ರಲ್ಲಿ ರಿಯಾದಿನಲ್ಲಿ ಏಷ್ಯನ್ ಗೇಮ್ಸ್, ಅದೇ ವರ್ಷ ಸೌದಿಯಲ್ಲಿ ಫುಟ್ಬಾಲ್ ವಿಶ್ವಕಪ್. ನಮ್ಮವರು ಇರುವ ಊರುಗಳೇ ಎಲ್ಲವೂ. ಹಾಗಾದರೆ 2030ರಲ್ಲಿ ದೋಹಾದ ಕ್ರೀಡಾಂಗಣದ ಹೊರಗೆ ಬಸ್ ಓಡಿಸುವವರಲ್ಲಿ ನಮ್ಮವರು ಇರುತ್ತಾರೆ. ಒಳಗೆ ನೀರಿನ ಬಾಟಲಿ ಇಡುವವರಲ್ಲಿ ಇರುತ್ತಾರೆ. ಟಿಕೆಟ್ ತೆಗೆದು ನೋಡುವವರಲ್ಲೂ ಇರುತ್ತಾರೆ. ಎದೆಯ ಮೇಲೆ "ಇಂಡಿಯಾ" ಎಂದು ಬರೆದ ಬನಿಯನ್ ಹಾಕಿ ಓಡುವವರಲ್ಲಿ ಇರುತ್ತಾರಾ?

ನಾನು ಹೇಳಿದ ಐದನೇ ಮಾತು ಇದೇ. ಕಟ್ಟುವುದು ನಮಗೆ ಗೊತ್ತು, ನೋಡುವುದೂ ಗೊತ್ತು. ಆಡುವುದಕ್ಕೆ ನಮ್ಮ ಮಕ್ಕಳನ್ನು ಯಾವಾಗ ಕಳುಹಿಸುವುದು?

ದೂರ ಹೋಗುವುದು ಬೇಡ, ನಮ್ಮ ಉಡುಪಿ ಜಿಲ್ಲೆಯನ್ನೇ ನೋಡಿ. 2010ರ ಅಕ್ಟೋಬರಿನಲ್ಲಿ ದಿಲ್ಲಿಯ ಅದೇ ನೆಹರೂ ಕ್ರೀಡಾಂಗಣದಲ್ಲಿ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ಒಬ್ಬರು ಕುಂದಾಪುರದ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜೆ. ಮರು ತಿಂಗಳು ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನವೂ ಅವರಿಗೆ ಬಂತು. ಮುಂದಿನ ವರ್ಷ ಆ ರಿಲೇ ತಂಡದ ಮೂವರು ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಿ ನಿಷೇಧಕ್ಕೆ ಒಳಗಾದರು, ಅಶ್ವಿನಿಯೂ ಅವರಲ್ಲಿ ಒಬ್ಬರು. ಕೋಚ್ ಕೊಟ್ಟ ಪುಡಿ, ಮಾತ್ರೆಗಳನ್ನೂ ಕೇಳಿ ತಿಳಿಯಬೇಕು ಎಂಬ ಪಾಠವನ್ನೂ ಅದು ಕಲಿಸಿತು. ಇನ್ನೊಬ್ಬರು ವಂಡ್ಸೆ ಕಡೆಯ ಗುರುರಾಜ ಪೂಜಾರಿ. ವಾಹನ ಚಾಲಕರೊಬ್ಬರ ಮಗ. ಉಜಿರೆಯಲ್ಲಿ ಓದುವಾಗ ಭಾರ ಎತ್ತಲು ಕಲಿತರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದದ್ದು ಅವರ ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು. ವಾಯುಪಡೆಯಲ್ಲಿ ಕೆಲಸವೂ ಸಿಕ್ಕಿತು.

ಇವರಿಬ್ಬರೂ ಶ್ರೀಮಂತರ ಮಕ್ಕಳಲ್ಲ, ದೊಡ್ಡ ನಗರದವರಲ್ಲ. ನಾವು ಕುಡಿಯುವ ನೀರೇ ಕುಡಿದವರು, ನಾವು ತಿನ್ನುವ ಕುಚ್ಚಲಕ್ಕಿ ಗಂಜಿಯೇ ಉಂಡವರು. ಹಾಗಾದರೆ ನಮಗೂ ಅವರಿಗೂ ವ್ಯತ್ಯಾಸ ಎಲ್ಲಿ?

ಗಂಡು ಮಕ್ಕಳ ವಿಷಯದಲ್ಲಿ ವ್ಯತ್ಯಾಸ ಪಾಸ್‌ಪೋರ್ಟಿನಲ್ಲಿ ಇದೆ. ನಮ್ಮ ಹುಡುಗರಿಗೆ ಆಟದ ಹುಚ್ಚು ಕಡಿಮೆ ಇಲ್ಲ. ವಾರ ವಾರ ಹೊನಲು ಬೆಳಕಿನ ಅಂಡರ್ ಆರ್ಮ್ ಪಂದ್ಯಾಟ, ವಾಲಿಬಾಲ್, ಕಬಡ್ಡಿ. ಟ್ರೋಫಿ ಆಳೆತ್ತರ, ಜೆರ್ಸಿ ಮಿರಿಮಿರಿ. ಆದರೆ ಹದಿನೆಂಟು, ಹತ್ತೊಂಬತ್ತು ಆಗುವಾಗ, ಅಂದರೆ ಕ್ರೀಡಾಪಟು ನಿಜವಾಗಿ ತಯಾರಾಗುವ ವಯಸ್ಸಿನಲ್ಲಿ, ಕಾಕನದ್ದೋ ಮಾವನದ್ದೋ ಫೋನ್ ಬರುತ್ತದೆ: "ವೀಸಾ ಉಂಟು, ಕಳಿಸಿ." ಶೂಸ್ ಮೂಲೆಗೆ ಹೋಯಿತು. ಅಂಡರ್ ಆರ್ಮ್ ಕ್ರಿಕೆಟ್ ಮನಸ್ಸಿಗೆ ಖುಷಿ ಕೊಡುತ್ತದೆ, ಗೆಳೆತನ ಕೊಡುತ್ತದೆ. ಆದರೆ ಅದು ಯಾವ ಏಷ್ಯನ್ ಗೇಮ್ಸ್‌ನಲ್ಲೂ ಇಲ್ಲ, ಯಾವ ಸರಕಾರಿ ಕೆಲಸದ ಕ್ರೀಡಾ ಕೋಟಾಕ್ಕೂ ದಾರಿ ಅಲ್ಲ. ಅಹ್ಮದಾಬಾದಿನಲ್ಲಿ ಇರುವುದು ಓಟ, ಈಜು, ಭಾರ ಎತ್ತುವುದು, ಬಾಕ್ಸಿಂಗ್, ಟೇಬಲ್ ಟೆನಿಸ್ ಇಂಥವು. ಒಂದು ಪಂದ್ಯಾಟದ ಬಹುಮಾನ, ಲೈಟು, ಶಾಮಿಯಾನ, ಮೈಕ್‌ಸೆಟ್ಟಿನ ಖರ್ಚಿನಲ್ಲಿ ಇಬ್ಬರು ಮಕ್ಕಳಿಗೆ ವರ್ಷವಿಡೀ ಸ್ಪೈಕ್ ಶೂಸ್, ಬಸ್ ಚಾರ್ಜು, ಮೊಟ್ಟೆ ಹಾಲು ಆಗುತ್ತದೆ. ಪಂದ್ಯಾಟ ನಿಲ್ಲಿಸಿ ಎಂದಲ್ಲ, ಹತ್ತರಲ್ಲಿ ಒಂದನ್ನು ಹೀಗೆ ತಿರುಗಿಸಿ ನೋಡಿ ಎಂದು.

ಹೆಣ್ಣು ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಏಳನೇ ತರಗತಿವರೆಗೆ ಶಾಲೆಯ ಕ್ರೀಡಾಕೂಟದಲ್ಲಿ ಮೊದಲು ಬರುವ ಹುಡುಗಿ ಹೈಸ್ಕೂಲಿಗೆ ಹೋದ ಮೇಲೆ ಲಿಸ್ಟಿನಲ್ಲೇ ಇರುವುದಿಲ್ಲ. ಕೇಳಿದರೆ ಉಮ್ಮ ಹೇಳುವುದು ಒಂದೇ: "ದೊಡ್ಡವಳಾದಳಲ್ಲ." ಈ ಹಿಂಜರಿಕೆಗೆ ನಗುವುದು ಬೇಡ. 2021ರ ಕೊನೆಯಲ್ಲಿ ನಮ್ಮದೇ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಸ್ಕಾರ್ಫ್ ವಿವಾದ 2022ರ ಮಾರ್ಚ್ 15ರಂದು ಹೈಕೋರ್ಟ್ ತೀರ್ಪಿನವರೆಗೆ, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪಿನವರೆಗೆ ಹೋಯಿತು. ತಲೆಯ ಮೇಲಿನ ಬಟ್ಟೆಗಾಗಿ ತರಗತಿಯ ಬಾಗಿಲೇ ಮುಚ್ಚಿದ್ದನ್ನು ಕಂಡ ತಾಯಿ, ಮಗಳನ್ನು ಮೈದಾನಕ್ಕೆ ಬಿಡಲು ಎರಡು ಸಲ ಯೋಚಿಸಿದರೆ ಅದು ಸಹಜ.

ಆದರೆ ಆ ತಾಯಿಗೆ ಇದೂ ಗೊತ್ತಿರಲಿ. ಆಟದ ಲೋಕ ಈ ವಿಷಯದಲ್ಲಿ ನಮ್ಮ ಕಾಲೇಜುಗಳಿಗಿಂತ ಮುಂದೆ ಹೋಗಿದೆ. ತಲೆವಸ್ತ್ರ ಹಾಕಿ ಆಡಲು ಫುಟ್ಬಾಲಿನಲ್ಲಿ 2014ರಲ್ಲಿ, ಬಾಸ್ಕೆಟ್‌ಬಾಲಿನಲ್ಲಿ 2017ರಲ್ಲಿ, ಬಾಕ್ಸಿಂಗಿನಲ್ಲಿ 2019ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಗಳು ಅನುಮತಿ ಕೊಟ್ಟಿವೆ. ಅಮೆರಿಕದ ಇಬ್ತಿಹಾಜ್ ಮುಹಮ್ಮದ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಲೆವಸ್ತ್ರದಲ್ಲೇ ಕತ್ತಿವರಸೆ ಆಡಿ ಕಂಚು ಪಡೆದರು. ಹೇಗೆ ಆಡಬೇಕು ಎಂಬುದನ್ನು ಮನೆಯವರು, ಉಸ್ತಾದರು, ಮಗಳು ಕೂತು ಮಾತಾಡಿ ತೀರ್ಮಾನಿಸಲಿ. ಆದರೆ "ಆಡುವುದೇ ಬೇಡ" ಎನ್ನಲು ಉಡುಪು ಇನ್ನು ಕಾರಣ ಅಲ್ಲ.

ತಂದೆಯಂದಿರಿಗೆ ಒಂದು ಉದಾಹರಣೆ. ತೆಲಂಗಾಣದ ನಿಝಾಮಾಬಾದಿನ ನಿಖತ್ ಝರೀನ್ 2022ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ. ಹುಡುಗಿಗೆ ಇದೆಲ್ಲ ಯಾಕೆ ಎಂದು ಸಂಬಂಧಿಕರು ಕೇಳಿದ್ದರು. ಅವರ ತಂದೆ ಸೌದಿಯಲ್ಲಿ ದುಡಿಯುತ್ತಿದ್ದವರು, ಮಕ್ಕಳ ಬೆನ್ನಿಗೆ ನಿಲ್ಲಬೇಕು ಎಂದು ಕೆಲಸ ಬಿಟ್ಟು ಊರಿಗೆ ಬಂದರು. ಎಲ್ಲರಿಗೂ ಅದು ಸಾಧ್ಯ ಇಲ್ಲ, ಸಾಲ ಇದೆ, ಮನೆ ಇದೆ. ಆದರೆ ಗಲ್ಫಿನಲ್ಲಿ ಕೂತೇ ಫೋನಿನಲ್ಲಿ "ಅವಳನ್ನು ಓಡಲು ಬಿಡಿ" ಎಂದು ಹೇಳಲು ಟಿಕೆಟ್ ಬೇಕಾಗಿಲ್ಲ. ಇನ್ನು ಮಾತು, ಊಟದಲ್ಲಿ ನಮಗೆ ಹತ್ತಿರದವರಾದ ಮಲಬಾರಿನವರನ್ನು ನೋಡಿ. ಮಲಪ್ಪುರಂನ ಕೆ.ಟಿ. ಇರ್ಫಾನ್ 2012ರ ಲಂಡನ್ ಒಲಿಂಪಿಕ್ಸ್‌ನ 20 ಕಿ.ಮೀ. ನಡಿಗೆಯಲ್ಲಿ ಹತ್ತನೆಯವರಾದರು. ಕೋಝಿಕ್ಕೋಡ್ ಜಿಲ್ಲೆಯ ಅಬ್ದುಲ್ಲಾ ಅಬೂಬಕರ್ 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ತ್ರಿವಿಧ ಜಿಗಿತದ ಬೆಳ್ಳಿ ತಂದರು. ಗಲ್ಫ್ ಅಲ್ಲಿಯೂ ಇದೆ, ಮದ್ರಸ ಅಲ್ಲಿಯೂ ಇದೆ. ಅದರ ಜೊತೆಗೇ ಶಾಲೆಯ ಮೈದಾನವೂ ಇದೆ.

ನಮ್ಮಲ್ಲಿ ಮೈದಾನ ಇಲ್ಲ ಎನ್ನುವ ಹಾಗೂ ಇಲ್ಲ. ಉಡುಪಿ ಅಜ್ಜರಕಾಡಿನ ಮಹಾತ್ಮ ಗಾಂಧಿ ಜಿಲ್ಲಾ ಕ್ರೀಡಾಂಗಣದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ, ಪಕ್ಕದಲ್ಲೇ ಈಜುಕೊಳ ಇದೆ. ಕಾರ್ಕಳದಲ್ಲಿ ಸ್ವರಾಜ್ ಮೈದಾನ ಇದೆ. ಮಣಿಪಾಲದಲ್ಲಿ ಎಂಡ್ ಪಾಯಿಂಟ್ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಪ್ರತಿ ವರ್ಷ ಮಕ್ಕಳ ಆಯ್ಕೆ ನಡೆಯುತ್ತದೆ. ಊಟ, ವಸತಿ, ತರಬೇತಿ ಸರಕಾರದ್ದು. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕ್ರೀಡಾಪಟುವಿಗೆ ತಿಂಗಳಿಗೆ 10 ಸಾವಿರ ರೂಪಾಯಿ ಕೈಖರ್ಚು ಸಿಗುತ್ತದೆ. ಆಯ್ಕೆಯ ಪ್ರಕಟಣೆ ಪತ್ರಿಕೆಯ ಒಂದು ಮೂಲೆಯಲ್ಲಿ ಬರುತ್ತದೆ, ನಮ್ಮ ಜಮಾಅತಿನ ನೋಟಿಸ್ ಬೋರ್ಡಿಗೆ ಬರುವುದಿಲ್ಲ. ಕಾಪುವಿನ ಹುಡುಗಿಗೆ ಸಂಜೆ ಅಭ್ಯಾಸ ಮುಗಿಸಿ ಮನೆ ಸೇರಲು ಬಸ್ಸು ಸಿಗುತ್ತದಾ, ಕಾರ್ಕಳದ ಹುಡುಗ ದಿನಾ ಅಜ್ಜರಕಾಡಿಗೆ ಹೋಗಿ ಬರಲು ಸಾಧ್ಯವಾ ಎಂದು ಕೇಳುವವರೂ ಇಲ್ಲ.

ಆದ್ದರಿಂದ ಕೋರಿಕೆ ಮೂರೇ. ಜಮಾಅತ್ ಕಮಿಟಿಯವರಿಗೆ: ಮದ್ರಸದ ರ‍್ಯಾಂಕ್ ಪಡೆದವರಿಗೆ, ಎಸೆಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದೆಸುವ ವೇದಿಕೆಗೆ, ತಾಲೂಕು ಮಟ್ಟದಲ್ಲಿ ಓಡಿ ಗೆದ್ದ ಮಗುವನ್ನೂ ಕರೆಯಿರಿ. ಆಯ್ಕೆ ಶಿಬಿರದ ಪ್ರಕಟಣೆಯನ್ನು ಜುಮಾ ಮುಗಿದ ಮೇಲೆ ಒಂದು ಸಲ ಓದಿ ಹೇಳಿ. ಮದ್ರಸದ ಸಮಯಕ್ಕೂ ಅಭ್ಯಾಸದ ಸಮಯಕ್ಕೂ ಜಗಳ ಬಂದರೆ ಉಸ್ತಾದರ ಜೊತೆ ಕೂತು ಹೊಂದಿಸಿ. ತಂದೆ ತಾಯಿಗೆ: ರಂಝಾನ್ ಮುಗಿದ ಮೇಲೆ ಬರುವ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಂದು ತಿಂಗಳು ಈಜಿಗೋ ಓಟಕ್ಕೋ ಕಳುಹಿಸಿ ನೋಡಿ. ಸಮುದ್ರದ ಬುಡದಲ್ಲಿ ಇರುವ ನಮ್ಮ ಮಕ್ಕಳಿಗೆ ಈಜು ಪದಕಕ್ಕೆ ಮಾತ್ರ ಅಲ್ಲ, ಜೀವಕ್ಕೂ ಬೇಕು. ನಮ್ಮ ಶಾಸಕರಿಗೆ, ಜಿಲ್ಲಾಡಳಿತಕ್ಕೆ: ಅಹ್ಮದಾಬಾದಿಗೆ ಎಷ್ಟು ಕೊಟ್ಟರು ಎಂದು ಹೇಳಿಕೆ ಕೊಡುವುದಕ್ಕಿಂತ, ಕಾಪು ಮತ್ತು ಕಾರ್ಕಳ ತಾಲೂಕಿನಲ್ಲಿ ತರಬೇತುದಾರರು ಎಷ್ಟು ಮಂದಿ ಇದ್ದಾರೆ, ಹೆಣ್ಣು ಮಕ್ಕಳಿಗೆ ಮಹಿಳಾ ತರಬೇತುದಾರರು ಇದ್ದಾರಾ ಎಂದು ಹೇಳಿ.

1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಅದರ ಗುರುತಾಗಿ ಕೋರಮಂಗಲದಲ್ಲಿ ನ್ಯಾಷನಲ್ ಗೇಮ್ಸ್ ವಿಲೇಜ್ ಎಂಬ ಫ್ಲ್ಯಾಟುಗಳ ಬಡಾವಣೆ ಇಂದಿಗೂ ಇದೆ. ಕೂಟ ನಡೆಸಿದ ಊರಿಗೆ ಹೀಗೆ ಕಟ್ಟಡ ಉಳಿಯುತ್ತದೆ. ದೂರದ ಊರುಗಳಿಗೆ ಏನಾದರೂ ಉಳಿಯಬೇಕಾದರೆ ಅದು ಮಕ್ಕಳ ಕಾಲಿನಲ್ಲಿ, ತೋಳಿನಲ್ಲಿ ಮಾತ್ರ ಉಳಿಯುವುದು.

ಈಗ ಆರನೇ ತರಗತಿಯಲ್ಲಿರುವ ನಿಮ್ಮ ಮಗನಿಗೆ ಅಥವಾ ಮಗಳಿಗೆ 2030ರಲ್ಲಿ ಹದಿನಾರು ಆಗುತ್ತದೆ. 2034ರಲ್ಲಿ ಇಪ್ಪತ್ತು. 2036ರಲ್ಲಿ ಇಪ್ಪತ್ತೆರಡು. ಅಹ್ಮದಾಬಾದಿಗೆ ಸಿಕ್ಕಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಮುಂದುವರಿಯಲಿ, ಲೆಕ್ಕವನ್ನೂ ಕೇಳೋಣ. ಅಷ್ಟರಲ್ಲಿ ನಾಳೆ ಬೆಳಗ್ಗೆ ಸುಬ್ಹ್ ನಮಾಝ್ ಮುಗಿಸಿ ಮಗುವನ್ನು ಹತ್ತಿರದ ಮೈದಾನಕ್ಕೆ ಕರೆದುಕೊಂಡು ಹೋಗಿ. ಎರಡು ಸುತ್ತು ಓಡಿಸಿ. ಅದಕ್ಕೆ ಯಾವ ಮಹಾಸಭೆಯ ಅನುಮತಿಯೂ ಬೇಡ.